ನವಲಗುಂದದಲ್ಲಿ ‘ನವಲಗುಂದ’ರ ಮನೆ ಕೇಳಬೇಡಿ

ಪ್ರಶ್ನೆ: ಪುಣೆಯಲ್ಲಿ ಶಿಕ್ಷಕಿಯಾಗಿದ್ದೇನೆ. ನಮ್ಮ ಅಡ್ಡಹೆಸರು ನವಲಗುಂದ. ಅಜ್ಜ 1962ರಲ್ಲಿ ತಮ್ಮನೊಂದಿಗೆ ವಾಟ್ನಿ (ಆಸ್ತಿಯ ಪಾಲು) ಮಾಡಿಕೊಂಡು ಸೊಲ್ಲಾಪುರದ ಗಿರಣಿಗೆ ಬಂದರು. ಆಮೇಲೆ ಯಾರೂ ನಮ್ಮೂರು, ಧಾರವಾಡ ಜಿಲ್ಲೆಯ ನವಲಗುಂದಕ್ಕೆ ಹೋಗಿಲ್ಲ. ಅಜ್ಜಿಯ ಜಮಖಾನೆಯೊಂದೇ ಉಳಿದಿರುವ ಗುರುತು. ಮನೆತನದ ಮೂಲ ತಿಳಿಯುವ ಆಸೆ ನನಗೆ. ‘ಈಗ ಹೋದರೆ ಹೊಲದಲ್ಲಿ ಪಾಲು ಕೇಳಲು ಬಂದರು ಅಂದುಕೊಳ್ಳುತ್ತಾರೆ’ ಎಂದು ಅಪ್ಪ ತಡೆಯುತ್ತಾರೆ.

ಉತ್ತರ: ಅಪ್ಪನ ಅಂಜಿಕೆ ಸುಳ್ಳಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಬಂದ ಮೇಲೆ ಹೆಣ್ಣುಮಗಳ ಕೈಯಲ್ಲಿ ಕಾಗದದ ಚೀಲ ಕಂಡರೆ ದಾಯಾದಿಗಳ ಎದೆ ಧಸಕ್ಕೆನ್ನುತ್ತದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಾಟ್ನಿಯನ್ನು ಆ ಕಾನೂನು ಕೆದಕುವುದಿಲ್ಲ, ನಿಜ. ಆದರೆ ಇದನ್ನು ಅವರ ಪಡಸಾಲೆಯಲ್ಲಿ ಕುಳಿತು ವಿವರಿಸಲು ಹೋಗಬೇಡಿ. ವಿವರಿಸಿದಷ್ಟೂ ಸಂಶಯ ಬಲಿಯುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ಹಳೆಯ ಪಹಣಿ ಹುಡುಕುವುದಂತೂ ಬೇಡವೇ ಬೇಡ. ನೀವು ಮೆಟ್ಟಿಲು ಇಳಿಯುವ ಮೊದಲೇ ಸುದ್ದಿ ಆ ಮನೆ ಮುಟ್ಟಿರುತ್ತದೆ.

ಇನ್ನು ಹೆಸರಿನ ಮಾತು. ಊರಿನ ಹೆಸರು ಅಂಟಿಕೊಳ್ಳುವುದು ಊರು ಬಿಟ್ಟವರಿಗೆ. ನವಲಗುಂದದಲ್ಲಿ ನಿಂತು ‘ನವಲಗುಂದ ಅವರ ಮನೆ ಎಲ್ಲಿ’ ಎಂದರೆ ಜನ ನಗುತ್ತಾರೆ, ಊರೆಲ್ಲ ಅವರೇ! ನಿಮಗೆ ಈ ಹೆಸರಿಟ್ಟವನು ಬಹುಶಃ ಗಿರಣಿಯ ಹಾಜರಿ ಪುಸ್ತಕ ಬರೆಯುತ್ತಿದ್ದ ಗುಮಾಸ್ತ. ಊರಲ್ಲಿ ನಿಮ್ಮ ಮನೆತನ ಹೊಸಮನಿಯೋ ಮೆಣಸಿನಕಾಯಿಯೋ, ಹೆಳವರನ್ನೇ ಕೇಳಬೇಕು. ಸುಗ್ಗಿಯ ನಂತರ ಬಂದು, ಕಾಳುಕಡಿ ಪಡೆದು, ತಲೆಮಾರುಗಳ ಹೆಸರನ್ನೂ ಎಲ್ಲಿಂದ ಎಲ್ಲಿಗೆ ಬಂದಿರಿ ಎಂಬುದನ್ನೂ ಒಂದೇ ಉಸಿರಿಗೆ ಹೇಳುವವರು ಅವರು. ಹಿಂದೆಲ್ಲ ಎತ್ತಿನ ಮೇಲೆ ಬರುತ್ತಿದ್ದರು. ಆದರೆ ಹೆಳವ ಪುಣೆಯ ಫ್ಲ್ಯಾಟಿಗೆ ಬರುವುದಿಲ್ಲ, ಹೊಲ ಉಳಿಸಿಕೊಂಡವರ ಕಟ್ಟೆಗೆ ಬರುತ್ತಾನೆ. ಅಂದರೆ ಅಪ್ಪ ಬೇಡವೆಂದ ಮನೆಗೇ ನೀವು ಹೋಗಬೇಕು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಹೋಗಿ. ಆ ಊರಿನ ಹೋಳಿಯ ಕಾಮದೇವ, ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತವರು ಎಲ್ಲೆಲ್ಲಿಂದಲೋ ಬರುವ ದಿನಗಳವು. ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಅಪ್ಪನನ್ನು ಕರೆದುಕೊಂಡೇ ಹೋಗಿ. ಒಲ್ಲೆ ಎಂದರೆ ಈ ವರ್ಷ ಬಿಡಿ, ಅವರಿಲ್ಲದೆ ನೀವಲ್ಲಿ ಯಾರೋ ಪುಣೆಯ ಹೆಂಗಸು. ಅಜ್ಜನ ಹೆಸರು, ಅವರ ತಂದೆಯ ಹೆಸರು ಹೇಳಿದರೆ ಕಟ್ಟೆಯ ಮೇಲಿನ ಹಿರಿಯರು ಮನೆ ತೋರಿಸಿಯಾರು. ಕಾಗದಪತ್ರ ಪುಣೆಯಲ್ಲೇ ಇರಲಿ, ಜಮಖಾನೆಯನ್ನು ಮಡಚಿ ಒಯ್ಯಿರಿ. ಅದರಲ್ಲಿ ನವಿಲೋ ಪಗಡೆಯ ಹಾಸೋ ಇದ್ದರೆ ಆ ಊರಿನ ಹೆಣ್ಣುಮಕ್ಕಳ ನೇಯ್ಗೆಯೇ ಇರಬೇಕು. ಮನೆಯ ಹಿರಿಯ ಅಮ್ಮ ಅದರ ಅಂಚು ಮುಟ್ಟಿ ನೋಡುವವರೆಗೂ ಅಡ್ಡಹೆಸರಿನ ಮಾತು ಎತ್ತಬೇಡಿ.