2 ಲಕ್ಷ ದಾಟಿದ ವ್ಯಾಗನ್‌ಆರ್: ಎಂಜಿನ್‌ಗೆ ದುಡ್ಡು ಹಾಕುವ ಮೊದಲು ತಳ ನೋಡಿಸಿ

ನೀವು ಕೇಳಿದ್ದು ಇಷ್ಟು: ಕಾಸರಗೋಡಿನ ಬದಿಯಡ್ಕದಲ್ಲಿ ಮನೆ, ಅಪ್ಪ ಕೊಂಡ 2008ರ ವ್ಯಾಗನ್‌ಆರ್, ಓಡಿದ್ದು 2,10,000 ಕಿ.ಮೀ. ವರ್ಕ್‌ಶಾಪಿನವರು 46,000 ರೂಪಾಯಿಯ ಪಟ್ಟಿ ಕೊಟ್ಟಿದ್ದಾರೆ. ಎಂಜಿನ್ ಕೆಲಸಕ್ಕೆ 18,000, ಸಸ್ಪೆನ್ಶನ್ 9,000, ರೇಡಿಯೇಟರ್ ಮತ್ತು ಹೋಸ್ 7,000, ಟೈಮಿಂಗ್ ಬೆಲ್ಟ್ 5,000, ಎಸಿ 4,000, ಬ್ರೇಕ್ 3,000. ಮಾರಿದರೆ 60,000 ಸಿಗಬಹುದು. ತಿಂಗಳಿಗೆ ಓಡಾಟ ಸುಮಾರು 800 ಕಿ.ಮೀ. ಇಟ್ಟುಕೊಳ್ಳುವುದಾ, ಕೊಡುವುದಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗಾಡಿ ಕೊಡಬೇಡಿ. ಆದರೆ ಆ 46,000 ಕೂಡ ಈಗಲೇ ಕೊಡಬೇಡಿ. ಮೊದಲು ಗಾಡಿಯನ್ನು ಮೇಲೆತ್ತಿಸಿ ತಳ ನೋಡಿ. ತಳ ಗಟ್ಟಿ ಇದ್ದರೆ ಮಾತ್ರ ಉಳಿದ ಲೆಕ್ಕ.

ನಾನು ಮುಳ್ಳೇರಿಯದ ಹತ್ತಿರದವನು. ನಮ್ಮಲ್ಲಿರುವುದು 2007ರ ವ್ಯಾಗನ್‌ಆರ್. ನಿಮ್ಮದರಲ್ಲಿರುವ ಅದೇ ಹಳೇ 1061 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಮೊನ್ನೆ 2,64,000 ದಾಟಿತು. ಅಮ್ಮನನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಇದರಲ್ಲೇ. ತೋಟಕ್ಕೆ ಗೊಬ್ಬರ ತರುವುದೂ ಇದರಲ್ಲೇ, ರಾತ್ರಿ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಮನೆ ಸೇರುವುದೂ ಇದರಲ್ಲೇ.

ನಮ್ಮ ಕಡೆ ಎಂಜಿನ್ ಸತ್ತು ಗುಜರಿಗೆ ಹೋದ ಕಾರುಗಳನ್ನು ನಾನು ನೋಡಿದ್ದು ಕಡಿಮೆ. ತುಕ್ಕು ತಿಂದು ಹೋದದ್ದೇ ಜಾಸ್ತಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ಇದು. ಜೂನ್‌ನಲ್ಲಿ ಒದ್ದೆಯಾದ ಗಾಡಿಯ ತಳ ಸೆಪ್ಟೆಂಬರ್ ತನಕ ಸರಿಯಾಗಿ ಒಣಗುವುದೇ ಇಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯವರಿಗಂತೂ ಕಡಲ ಉಪ್ಪುಗಾಳಿಯೂ ಸೇರುತ್ತದೆ. ಎಂಜಿನ್ನಿನ ಭಾಗ ಹಾಳಾದರೆ ಬದಲಿಸಬಹುದು. ಬಾಡಿಯೇ ಹೋದರೆ ಹೊಸ ಭಾಗಗಳನ್ನು ಯಾವುದಕ್ಕೆ ಜೋಡಿಸುವುದು?

ನಮ್ಮ ಗಾಡಿಯದ್ದು ಗೊತ್ತಾದದ್ದು ಆಕಸ್ಮಿಕವಾಗಿ. ಸೈಲೆನ್ಸರ್ ಸದ್ದು ಮಾಡುತ್ತದೆ ಎಂದು ಮೇಲೆತ್ತಿಸಿದ್ದೆ. ಮೆಕ್ಯಾನಿಕ್ ಕೈಯಲ್ಲಿದ್ದ ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲಿನ ಕೆಳಗಿನ ಪಟ್ಟಿಯನ್ನು ಸುಮ್ನೆ ತಟ್ಟುತ್ತಾ ಬಂದರು. ಠಣ್, ಠಣ್, ಠಣ್. ಎಡಬದಿಯ ಹಿಂದಿನ ಚಕ್ರದ ಹತ್ತಿರ ಬರುವಾಗ ಸದ್ದು ಬದಲಾಯಿತು, ಒದ್ದೆ ಹಲಗೆಗೆ ಬಡಿದ ಹಾಗೆ. ಸ್ಕ್ರೂಡ್ರೈವರನ್ನು ತಿರುಗಿಸಿ ಮೊನೆಯಿಂದ ಒತ್ತಿದರು. ಹಾಗೇ ಒಳಗೆ ಹೋಯಿತು. ಹೊರಗೆ ಎಳೆದಾಗ ಅವರ ಅಂಗೈಗೆ ಕಂದು ಬಣ್ಣದ ಚಕ್ಕೆಗಳು ಉದುರಿದವು. ಅದರ ಜೊತೆಗೆ ಕೊಳೆತ ಎಲೆಯ ಚೂರು ಕೂಡ.

ಆ ಎಲೆಯೇ ಕಾರಣ. ಆರೇಳು ವರ್ಷ ನಾವು ಗಾಡಿಯನ್ನು ಹಲಸಿನ ಮರದಡಿಯಲ್ಲಿ ನಿಲ್ಲಿಸುತ್ತಿದ್ದೆವು. ವೈಪರ್ ಬುಡದ ಜಾಲರಿಯೊಳಗೆ ಮತ್ತು ಬಾಗಿಲುಗಳ ಒಳಗೆ ಬಿದ್ದ ಮಳೆನೀರು ಇಳಿದುಹೋಗಲು ಸಣ್ಣ ಸಣ್ಣ ತೂತುಗಳು ಇರುತ್ತವೆ. ಕಸ ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ, ಒಳಗಿನಿಂದಲೇ ತಗಡನ್ನು ತಿನ್ನುತ್ತದೆ. ಹೊರಗಿನ ಪೇಂಟ್ ಹೊಳೆಯುತ್ತಲೇ ಇರುತ್ತದೆ. ಈಗ ಪ್ರತಿ ಮೇ ತಿಂಗಳ ಕೊನೆಗೆ ಒಂದು ತೆಂಗಿನ ಕಡ್ಡಿ ಹಿಡಿದು ನಾಲ್ಕೂ ಬಾಗಿಲಿನ ತೂತು ಬಿಡಿಸುತ್ತೇನೆ. ಹತ್ತು ನಿಮಿಷದ ಕೆಲಸ. ಕಾಲಡಿಯ ಮ್ಯಾಟ್ ಎತ್ತಿ ಕೈಯಾಡಿಸಿ ನೋಡುತ್ತೇನೆ. ಅಲ್ಲಿ ಒದ್ದೆ ಇದ್ದರೆ ಎಲ್ಲಿಂದಲೋ ನೀರು ಬರುತ್ತಿದೆ ಎಂದೇ ಅರ್ಥ.

ನಮ್ಮದಕ್ಕೆ ಕೊಳೆತ ತಗಡು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿಸಿದೆವು. ಒಂದೇ ಕಡೆ ಇದ್ದ ಕಾರಣ ಬಚಾವಾಯಿತು. ನೀವು ನೋಡಬೇಕಾದ್ದು ಜ್ಯಾಕ್ ಇಡುವ ನಾಲ್ಕು ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಮುಂದಿನ ಚಕ್ರವನ್ನು ಬಾಡಿಗೆ ಹಿಡಿದಿಡುವ ಲೋವರ್ ಆರ್ಮ್‌ನ ಬೋಲ್ಟ್ ಕೂರುವ ಜಾಗ, ಮತ್ತೆ ಬ್ರೇಕಿನ ಕಬ್ಬಿಣದ ಪೈಪು. ಜ್ಯಾಕ್ ಜಾಗ ಮಾತ್ರ ಹೋಗಿದ್ದರೆ ವೆಲ್ಡಿಂಗ್ ಸಾಕು. ಸ್ಪ್ರಿಂಗ್ ಅಥವಾ ಆರ್ಮ್ ಹಿಡಿದಿರುವ ತಗಡೇ ಮೆತ್ತಗಾಗಿದ್ದರೆ ಒಂದು ರೂಪಾಯಿಯೂ ಹಾಕಬೇಡಿ, ಗಾಡಿ ಬಿಟ್ಟುಬಿಡಿ. ಅದರಲ್ಲಿ ಮನೆಯವರನ್ನು ಕೂರಿಸಬಾರದು. ಇನ್ನೊಂದು ಮಾತು. ತುಕ್ಕಿನ ಮೇಲೆಯೇ ಕಪ್ಪು ಕೋಟಿಂಗ್ ಬಳಿದರೆ ತಳ ಹೊಸದರಂತೆ ಕಾಣುತ್ತದೆ, ಒಳಗೆ ತುಕ್ಕು ಮೊದಲಿಗಿಂತ ಜೋರಾಗಿ ಹಬ್ಬುತ್ತದೆ. ಕಣ್ಣನ್ನು ನಂಬಬೇಡಿ, ತಟ್ಟಿ ಸದ್ದು ಕೇಳಿ.

ತಳ ಸರಿ ಇದೆ ಎಂದಾದರೆ ಪಟ್ಟಿಗೆ ಬರೋಣ.

ನಾನಾದರೆ ಮೊದಲು ಮಾಡಿಸುವುದು ರೇಡಿಯೇಟರ್, ಹೋಸ್, ಬೆಲ್ಟ್, ಬ್ರೇಕ್. ಒಟ್ಟು 15,000. ಇದರಲ್ಲಿ ಚೌಕಾಸಿ ಬೇಡ.

ರೇಡಿಯೇಟರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅನುಭವಿಸಿದ್ದೇನೆ. ಒಂದು ಏಪ್ರಿಲ್ ಮಧ್ಯಾಹ್ನ ಮಂಗಳೂರಿನಿಂದ ವಾಪಸ್ ಬರುತ್ತಿದ್ದೆವು. ಅಮ್ಮ ಹಿಂದಿನ ಸೀಟಿನಲ್ಲಿ ಮಲಗಿದ್ದರು. ಕುಂಬಳೆಯಲ್ಲಿ ಹೆದ್ದಾರಿ ಬಿಟ್ಟು ಸೀತಾಂಗೋಳಿ ಕಡೆಗೆ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮಧ್ಯದಿಂದ ಮೇಲೆ ಹೋಗಲು ಶುರುವಾಯಿತು. ಬಾನೆಟ್ ಕಡೆಯಿಂದ ಬಿಸಿ ಕಬ್ಬಿಣದ ವಾಸನೆ. ಎಸಿ ಆಫ್ ಮಾಡಿದೆ, ಹೀಟರ್ ಪೂರ್ತಿ ತಿರುಗಿಸಿ ಫ್ಯಾನ್ ಜೋರು ಮಾಡಿದೆ. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ ಅಲ್ವಾ, ಎಂಜಿನ್ನಿನ ಬಿಸಿಯನ್ನು ಅಷ್ಟಾದರೂ ಎಳೆಯುತ್ತದೆ. ಮುಳ್ಳು ಸ್ವಲ್ಪ ಇಳಿಯಿತು. ನೆರಳು ಸಿಕ್ಕಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಕಾದೆವು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒಳಗಿನ ಕುದಿನೀರು ಮುಖಕ್ಕೆ ಹಾರುತ್ತದೆ.

ಮರುದಿನ ವರ್ಕ್‌ಶಾಪಿನಲ್ಲಿ ನೀರು ಬಿಟ್ಟಾಗ ಬಂದದ್ದು ಗಟ್ಟಿ ಕಣ್ಣನ್ ಚಹಾದ, ಅಂದರೆ ಹಾಲಿಲ್ಲದ ಚಹಾದ ಬಣ್ಣ. ಅದಕ್ಕೆ ಹಿಂದೆ ಎರಡು ವರ್ಷ, ನೀರು ಕಡಿಮೆ ಕಂಡಾಗಲೆಲ್ಲ ನಾನು ಬಾವಿಯ ನೀರು ಹೊಯ್ಯುತ್ತಿದ್ದೆ. ಕೂಲೆಂಟ್ ಎಂದರೆ ಬಣ್ಣದ ನೀರು ಎಂದು ತಿಳಿದಿದ್ದೆ. ಅದರ ದೊಡ್ಡ ಕೆಲಸ ಒಳಗೆ ತುಕ್ಕು ಬಾರದಂತೆ ತಡೆಯುವುದು, ಜೊತೆಗೆ ನೀರು ಬೇಗ ಕುದಿಯದಂತೆ ನೋಡಿಕೊಳ್ಳುವುದು. ಬರೀ ನೀರು ಹಾಕಿದರೆ ಒಳಗಿನ ಸಣ್ಣ ದಾರಿಗಳಲ್ಲಿ ತುಕ್ಕು ಕಟ್ಟುತ್ತದೆ. ಹೊಸ ರೇಡಿಯೇಟರ್ ಹಾಕಿಸುವಾಗ ಮೇಲಿನ ಕೆಳಗಿನ ಹೋಸ್, ಮುಚ್ಚಳ, ಥರ್ಮೋಸ್ಟಾಟ್ ಎಲ್ಲ ಒಟ್ಟಿಗೇ ಬದಲಿಸಿ. ಹಳೇ ಮುಚ್ಚಳ ಪ್ರೆಶರ್ ಹಿಡಿಯದಿದ್ದರೆ ಹೊಸ ರೇಡಿಯೇಟರಿನಲ್ಲೂ ಕುದಿಯುತ್ತದೆ.

ಟೈಮಿಂಗ್ ಬೆಲ್ಟ್ ಎಂದರೆ ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಪಟ್ಟಿ. ಈ ಎಂಜಿನ್ನಿನಲ್ಲಿ ಅದು ರಬ್ಬರಿನದ್ದು. 2010ರಲ್ಲಿ ಬಂದ ಹೊಸ ವ್ಯಾಗನ್‌ಆರ್‌ನಂತೆ ಚೈನ್ ಅಲ್ಲ. ಲಕ್ಷ ಕಿ.ಮೀ.ಗೆ ಒಮ್ಮೆ ಬದಲಿಸುವುದು ರೂಢಿ. ಅಪ್ಪನ ಹತ್ತಿರ ಹಳೇ ಬಿಲ್ಲು ಉಂಟಾ ಕೇಳಿ. ಎರಡನೇ ಸಲ ಬದಲಾದ ದಾಖಲೆ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಟೆನ್ಶನರ್ ಬೇರಿಂಗ್ ಜೊತೆಗೇ ಹಾಕಿಸಿ, ವಾಟರ್ ಪಂಪ್ ಸಡಿಲವಾಗಿ ಆಡುತ್ತದಾ ಎಂದು ಅದೇ ಹೊತ್ತಿಗೆ ನೋಡಿಸಿ. ಕೂಲಿ ಎರಡು ಸಲ ಬೀಳುವುದಿಲ್ಲ. ಬ್ರೇಕ್ ಕೆಲಸದಲ್ಲಿ ಪ್ಯಾಡ್ ಮಾತ್ರ ಅಲ್ಲ, ಬ್ರೇಕ್ ಆಯಿಲ್ ಕೂಡ ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಹವೆಗೆ ಎರಡು ವರ್ಷಕ್ಕಿಂತ ಹೆಚ್ಚು ಇಡಬಾರದು.

ಈಗ ಆ 18,000ದ ಎಂಜಿನ್ ಕೆಲಸ. ಅದು ಯಾಕೆ ಬೇಕು ಎಂದು ಕೇಳಿದಿರಾ? ಆಯಿಲ್ ತಿನ್ನುತ್ತದೆ ಎಂದಿದ್ದರೆ ಎಷ್ಟು ತಿನ್ನುತ್ತದೆ ಎಂದು ನೀವೇ ಅಳೆಯಿರಿ. ಸಮತಟ್ಟು ಜಾಗದಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಒರೆಸಿ ನೋಡಿ, ಮೇಲಿನ ಗೆರೆಗೆ ತುಂಬಿಸಿ, ಸಾವಿರ ಕಿ.ಮೀ. ಓಡಿಸಿ ಮತ್ತೆ ನೋಡಿ. ನಮ್ಮದು ಅರ್ಧ ಲೀಟರ್ ಕುಡಿಯುತ್ತದೆ. ಲೀಟರಿಗೆ 350 ಎಂದಿಟ್ಟರೆ ಸಾವಿರ ಕಿ.ಮೀ.ಗೆ 175 ರೂಪಾಯಿ, ನಿಮ್ಮ ಓಡಾಟಕ್ಕೆ ತಿಂಗಳಿಗೆ 140. ಈ ಲೆಕ್ಕದಲ್ಲಿ 18,000 ಖರ್ಚಾಗಲು ಹತ್ತು ವರ್ಷ ದಾಟಬೇಕು. ಅಷ್ಟರೊಳಗೆ ಗಾಡಿಯ ಆಯುಷ್ಯವೇ ಮುಗಿದಿರುತ್ತದೆ. ನಾನು ಐದು ವರ್ಷದಿಂದ ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬಿ ಇಟ್ಟುಕೊಂಡು ಓಡಿಸುತ್ತಿದ್ದೇನೆ.

ಆದರೆ ಕೆಲವು ಲಕ್ಷಣ ಕಂಡರೆ ಕಾಯಬಾರದು. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಹಾಕಿದ ಕಾಫಿಯಂಥ ಬಣ್ಣ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಎಲ್ಲೂ ಸೋರದೆ ಕೂಲೆಂಟ್ ಇಳಿಯುವುದು. ಇವು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗದ ಸೀಲ್, ಹೋದದ್ದರ ಗುರುತಾಗಿರಬಹುದು. ನೀಲಿ ಹೊಗೆ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಒಂದು ಕ್ಷಣ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್. ಏರು ಹತ್ತುವಾಗ ಬರುತ್ತಲೇ ಇದ್ದರೆ ರಿಂಗ್ ಸವೆದಿರಬಹುದು. ಬಿಚ್ಚುವ ಮೊದಲು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ, ನಾಲ್ಕು ಸಿಲಿಂಡರಿನ ಅಂಕೆ ಬರೆದುಕೊಡಲು ಹೇಳಿ. ಅಂಕೆ ನೋಡದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಸಸ್ಪೆನ್ಶನ್ ಮಳೆಗಾಲ ಕಳೆದು ಮಾಡಿಸಿ. ಹೊಸ ಬುಷ್ ಹಾಕಿಸಿ ಜುಲೈಯ ಹೊಂಡಗಳಲ್ಲಿ ಓಡಿಸುವುದು ದಂಡ. ಬಾಲ್ ಜಾಯಿಂಟ್ (ಮುಂದಿನ ಚಕ್ರದ ಕೀಲು) ಸಡಿಲವಾಗಿ ಆಡುತ್ತಿದ್ದರೆ ಮಾತ್ರ ಅದೊಂದನ್ನು ಈಗಲೇ. ಎಸಿ ನಿಮಗೆ ಬಿಟ್ಟದ್ದು. ಟೈರನ್ನೂ ನೋಡಿ. ಅದರ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗುಂಡಿ (ರಸ್ತೆ ಹಿಡಿಯುವ ಉಬ್ಬುಗಳು) ಸವೆಯದೆ ಚೆನ್ನಾಗಿದ್ದರೂ ವಯಸ್ಸಾದ ರಬ್ಬರ್ ಮಳೆಯಲ್ಲಿ ಹಿಡಿಯುವುದಿಲ್ಲ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆಸಿದ್ದು. ನಮ್ಮ ಗಾಡಿಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಇಲ್ಲದ ಪೆಟ್ರೋಲಿಗಾಗಿ ಮಾಡಿದ ಕಾರುಗಳಲ್ಲಿ ಮೈಲೇಜ್ 6–7 ಶೇಕಡ ಇಳಿಯಬಹುದು ಎಂದು 2021ರ ನೀತಿ ಆಯೋಗದ ವರದಿಯೇ ಹೇಳಿದೆ. ನನಗೆ ಮೈಲೇಜಿಗಿಂತ ರಬ್ಬರ್ ಪೈಪಿನ ಚಿಂತೆ ಜಾಸ್ತಿ. ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡಿ, ಬಿರುಕು ಬಿಟ್ಟಿದ್ದರೆ ಅಥವಾ ಅಂಟಂಟಾಗಿದ್ದರೆ ಅಂದೇ ಬದಲಿಸಿ. ನಿಂತಲ್ಲಿ ಪೆಟ್ರೋಲ್ ವಾಸನೆ ಬಂದರೆ ಗಾಡಿ ಹೊರಗೆ ತೆಗೆಯಬೇಡಿ.

ಕಾಗದಪತ್ರ. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು 2023ರಲ್ಲಿ ಆಗಿರಬೇಕು, ಹಾಗಾದರೆ 2028ರ ತನಕ ಉಂಟು. ದೆಹಲಿಯ ಸುದ್ದಿ ಕೇಳಿ ಗಾಬರಿಯಾಗಬೇಡಿ, 15 ವರ್ಷಕ್ಕೆ ಪೆಟ್ರೋಲ್ ಕಾರು ನಿಲ್ಲಿಸುವ ಆದೇಶ ಬಂದದ್ದು ಆ ಕಡೆಗೆ, ನಮ್ಮ ಕಾಸರಗೋಡಿಗಲ್ಲ. ಆದರೆ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ಮಾಡಿದೆ. ಅದಲ್ಲದೆ ಹಸಿರು ತೆರಿಗೆ ಬೇರೆ. ಹಾಗಾಗಿ ನಿಮ್ಮ ನಿಜವಾದ ಪ್ರಶ್ನೆ 2028ರ ತನಕ ಓಡಿಸಲು ಎಷ್ಟು ಹಾಕಬಹುದು ಎನ್ನುವುದು. 15,000 ಈಗ, 9,000 ಮಳೆ ಕಳೆದ ಮೇಲೆ. ಹೊಸ ಕಾರಿನ ಸಾಲದ ಕಂತು ತಿಂಗಳಿಗೆ 10,000 ಬಂದರೆ ಎರಡೂವರೆ ತಿಂಗಳಿಗೇ ಇದನ್ನು ಮೀರುತ್ತದೆ.

ಒಂದು ವಿಷಯ ಮುಚ್ಚಿಡಲಾರೆ. ಈ ಗಾಡಿ ಎಷ್ಟೇ ಚೆನ್ನಾಗಿದ್ದರೂ ಇಂದಿನ ಕಾರಿನಷ್ಟು ಸುರಕ್ಷಿತ ಅಲ್ಲ. ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದೇ 2019ರ ಜುಲೈಯಿಂದ. ತಲಪ್ಪಾಡಿಯಿಂದ ಈಚೆಗೆ ಆರು ಪಥದ ರಸ್ತೆ ಆದ ಮೇಲೆ ಎಲ್ಲರೂ ನೂರರ ಮೇಲೆ ಹೋಗುತ್ತಾರೆ. ನಾನು 70 ದಾಟುವುದಿಲ್ಲ, ಎಡಬದಿ ಬಿಡುವುದಿಲ್ಲ, ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸುತ್ತೇನೆ. ದಿನಾ ಹೆದ್ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ದೂರ ಹೋಗುವವರು ನೀವಾಗಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. ಬದಿಯಡ್ಕ, ಪೆರ್ಲ, ಕಾಸರಗೋಡು ಎಂದು ತಿಂಗಳಿಗೆ 800 ಕಿ.ಮೀ. ಓಡುವವರಿಗೆ ಇದು ಸಾಕು.

ವರ್ಕ್‌ಶಾಪಿನಲ್ಲಿ ಮೇಲೆತ್ತಿದಾಗ ಫೋನಿನಲ್ಲಿ ಟಾರ್ಚ್ ಹಾಕಿ ಫೋಟೊ ತೆಗೆಯಿರಿ. ಜ್ಯಾಕ್ ಜಾಗ ನಾಲ್ಕರದ್ದು, ಹಿಂದಿನ ಸ್ಪ್ರಿಂಗ್ ಬುಡದ್ದು, ಬ್ರೇಕ್ ಪೈಪಿನದ್ದು. ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಯಾರಿಗೂ ಅಡ್ವಾನ್ಸ್ ಕೊಡಬೇಡಿ.