ಕಾಲು ಕಳೆದುಕೊಂಡ ಯೋಧ ಪ್ಯಾರಾಲಿಂಪಿಕ್ ಸೈಕ್ಲಿಂಗ್‌ಗೆ ಇಳಿಯಬಹುದೇ?

ಪುಣೆಯಲ್ಲಿರುವ ನಿಮ್ಮ ಅಣ್ಣನವರು ಸೇನೆಯಲ್ಲಿದ್ದಾಗ ಮೊಣಕಾಲಿನ ಕೆಳಗೆ ಒಂದು ಕಾಲು ಕಳೆದುಕೊಂಡರು ಎಂದಿದ್ದೀರಿ. ಧಾರಾಳವಾಗಿ ಇಳಿಯಬಹುದು. ಅವರಿಗೆ ಮಾಮೂಲಿ ಎರಡು ಚಕ್ರದ ‘ಸಿ’ ವಿಭಾಗ ಹೊಂದುತ್ತದೆ. ಸಿ1ರಲ್ಲಿ ವೈಕಲ್ಯ ಅತಿ ಹೆಚ್ಚು, ಸಿ5ರಲ್ಲಿ ಅತಿ ಕಡಿಮೆ. ಯಾವ ದರ್ಜೆ ಎಂಬುದನ್ನು ಪರೀಕ್ಷಿಸಿಯೇ ನಿರ್ಧರಿಸುತ್ತಾರೆ.

ಬೆನ್ನುಹುರಿಗೆ ಪೆಟ್ಟಾದವರದು ಕೈಸೈಕಲ್. ಹೆಚ್ಚಿನವರು ಅದರಲ್ಲಿ ಅಂಗಾತ ಒರಗಿಕೊಂಡು ಎದೆಯ ಮುಂದಿನ ಹಿಡಿಗಳನ್ನು ತಿರುಗಿಸುತ್ತಾರೆ. ಪೆಡಲಿನಂತೆ ಒಂದು ಮೇಲೆ, ಒಂದು ಕೆಳಗೆ ಅಲ್ಲ. ಎರಡೂ ಒಟ್ಟಿಗೇ ಸುತ್ತುತ್ತವೆ. ಹೊಸಬರ ಭುಜ ಮೊದಲ ದಿನವೇ ಅಳುತ್ತದೆ!

1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧ ಮುರಳಿಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಈಜಿನಲ್ಲಿ. ಸೈಕ್ಲಿಂಗ್ ಪ್ಯಾರಾಲಿಂಪಿಕ್ಸ್‌ಗೆ ಬಂದದ್ದೇ 1984ರಲ್ಲಿ. ಪುಣೆಯ ಖಡಕಿಯಲ್ಲಿ ಸೇನೆಯದೇ ಪ್ಯಾರಾಲಿಂಪಿಕ್ ತರಬೇತಿ ಕೇಂದ್ರವಿದೆ. ದುಬಾರಿ ಸೈಕಲ್ ಕೊಳ್ಳುವ ಮೊದಲು ಅಲ್ಲಿ ವಿಚಾರಿಸಿ.