ಡಿಸ್ಕ್ ಬರ್ನ್ ಮಾಡುವ ಸಾಫ್ಟ್‌ವೇರ್ ನಂಬಬಹುದಾ ಅಂತ ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ?

ತಾತನ ತಾಳಮದ್ದಳೆ ರೆಕಾರ್ಡಿಂಗ್‌ಗಳನ್ನು ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸಿದ್ದೀರಿ. ಈಗ ಅವನ್ನು ಡಿವಿಡಿಗೆ ಬರೆಯಬೇಕು, ಅಂದರೆ ಬರ್ನ್ ಮಾಡಬೇಕು. ಮೂರು ಉಚಿತ ಸಾಫ್ಟ್‌ವೇರ್ ತಂದಿಟ್ಟುಕೊಂಡು, ಸುಮ್ನೆ ಡಿಸ್ಕ್ ಹಾಳು ಮಾಡದೆ ಯಾವುದು ಸರಿ ಅಂತ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ನಾನು ಇದೇ ಕೆಲಸವನ್ನು ನಮ್ಮ ತಂದೆಯವರ ಭಜನೆ ಕ್ಯಾಸೆಟ್‌ಗಳಿಗೆ ಮಾಡಿದ್ದೆ. ಮೊದಲ ಸಲ ಮಾಡಿದ್ದು ತಪ್ಪು ದಾರಿ. ಅದನ್ನೇ ಮೊದಲು ಹೇಳುತ್ತೇನೆ.

ಆಗ 11 ಡಿಸ್ಕ್ ಬರ್ನ್ ಮಾಡಿದೆ. ಪ್ರತಿ ಸಲವೂ ಪರದೆಯ ಮೇಲೆ ಕೆಲಸ ಯಶಸ್ವಿಯಾಗಿ ಮುಗಿಯಿತು ಎಂದು ಬಂತು. ಮೊದಲ ಹಾಡು ಹಾಕಿ ಕೇಳಿದೆ, ಚೆನ್ನಾಗಿತ್ತು, ಕವರಿಗೆ ಹಾಕಿ ಎತ್ತಿಟ್ಟೆ. ಮೂರು ವರ್ಷ ಬಿಟ್ಟು ತೆಗೆದರೆ ಎರಡು ಡಿಸ್ಕ್‌ಗಳಲ್ಲಿ ಕೊನೆಯ ಹಾಡುಗಳು ಓದುತ್ತಲೇ ಇಲ್ಲ. ಒಂದರಲ್ಲಿ ತಂದೆಯವರು ಹೇಳಿದ ಮಂಗಳ ಹಾಡೇ ಹೋಗಿತ್ತು. ಅಷ್ಟು ಹೊತ್ತಿಗೆ ಕ್ಯಾಸೆಟ್‌ಗಳೂ ಮನೆಯಲ್ಲಿ ಇರಲಿಲ್ಲ. ತಪ್ಪು ಸಾಫ್ಟ್‌ವೇರಿನದಾ, ಡ್ರೈವಿನದಾ, ಡಿಸ್ಕಿನದಾ? ಬರ್ನ್ ಮಾಡಿದ ದಿನವೇ ಪೂರ್ತಿ ಓದಿಸಿ ನೋಡಿದ್ದರೆ ಅದಕ್ಕೆ ಉತ್ತರ ಸಿಗುತ್ತಿತ್ತು. ನಾನು ನೋಡಿರಲಿಲ್ಲ.

ಆಮೇಲೆ ನಾನು ಇಟ್ಟುಕೊಂಡ ನಿಯಮ ಇದು: ಡಿಸ್ಕಿನಿಂದ ಪೂರ್ತಿ ವಾಪಸ್ ಓದಿಸಿ, ಮೂಲದ ಜೊತೆ ಹೋಲಿಸಿ, ಎರಡೂ ಒಂದೇ ಎಂದು ಗೊತ್ತಾಗುವವರೆಗೆ ಬರ್ನ್ ಆಯಿತು ಎಂದು ಹೇಳುವ ಹಾಗಿಲ್ಲ.

ಪರೀಕ್ಷೆಯ ಮೊದಲ ಭಾಗಕ್ಕೆ ಒಂದೂ ಡಿಸ್ಕ್ ಬೇಡ. ನಿಮ್ಮ ಎಲ್ಲ ಫೈಲ್‌ಗಳನ್ನು ಒಂದೇ ಫೋಲ್ಡರಿಗೆ ಹಾಕಿ. ಸಾಫ್ಟ್‌ವೇರಿನಲ್ಲಿ ಡಿಸ್ಕಿಗೆ ಬರೆಯುವ ಬದಲು ಐಎಸ್‌ಒ ಇಮೇಜ್ ಫೈಲ್ ಮಾಡಲು ಹೇಳಿ. ಇಡೀ ಡಿಸ್ಕಿನಲ್ಲಿ ಇರಬೇಕಾದದ್ದೆಲ್ಲ ಒಂದೇ ಫೈಲಿನಲ್ಲಿ ಇರುವ ಪ್ರತಿ ಅದು. ವಿಂಡೋಸ್ 8 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ನಿಜವಾದ ಡಿಸ್ಕ್ ಹಾಕಿದ ಹಾಗೆ ತೆರೆದುಕೊಳ್ಳುತ್ತದೆ. ಈಗ ಹೆಸರುಗಳನ್ನು ನೋಡಿ. ಕನ್ನಡದಲ್ಲಿ ಫೈಲ್ ಹೆಸರು ಇಡುವವರು ಇಲ್ಲಿ ಜಾಸ್ತಿ ಎಚ್ಚರವಾಗಿರಬೇಕು. ಡಿಸ್ಕಿನಲ್ಲಿ ಫೈಲ್ ಹೆಸರು ಬರೆಯುವ ಹಳೆಯ ಐಎಸ್‌ಒ 9660 ಪದ್ಧತಿಗೆ ಗೊತ್ತಿರುವುದು ಇಂಗ್ಲಿಷಿನ ದೊಡ್ಡ ಅಕ್ಷರ, ಅಂಕಿ, ಅಡಿಗೆರೆ ಅಷ್ಟೇ. ಜೋಲಿಯೆಟ್ ಎಂಬ ಪದ್ಧತಿ ಕನ್ನಡವನ್ನು ಉಳಿಸುತ್ತದೆ, ಆದರೆ ನಿಯಮದ ಪ್ರಕಾರ ಒಂದು ಹೆಸರಿಗೆ 64 ಅಕ್ಷರ ಮಾತ್ರ. ಆ ಎಣಿಕೆ ನಮ್ಮ ಕಣ್ಣಿನ ಎಣಿಕೆಯಲ್ಲ. ‘ಯಕ್ಷಗಾನ’ ನಮಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಒತ್ತು, ದೀರ್ಘ ಎಲ್ಲ ಬೇರೆ ಬೇರೆ, ಹಾಗಾಗಿ 7. ಪ್ರಸಂಗದ ಹೆಸರು, ಊರು, ತಾರೀಖು, ಅರ್ಥಧಾರಿಗಳ ಹೆಸರು ಎಲ್ಲ ಸೇರಿಸಿ ಬರೆದರೆ 64 ಬೇಗ ತುಂಬುತ್ತದೆ. ತುಂಬಿದಾಗ ಒಂದು ಸಾಫ್ಟ್‌ವೇರ್ ನಿಮ್ಮನ್ನು ಕೇಳುತ್ತದೆ, ಇನ್ನೊಂದು ಸದ್ದಿಲ್ಲದೆ ಬಾಲ ಕತ್ತರಿಸುತ್ತದೆ. ಕೇಳದೆ ಕತ್ತರಿಸುವುದನ್ನು ನಾನು ಅಲ್ಲೇ ಕೈಬಿಡುತ್ತೇನೆ. ಯುಡಿಎಫ್ ಎಂಬ ಇನ್ನೊಂದು ಪದ್ಧತಿಯ ಆಯ್ಕೆ ಇದ್ದರೆ ಹೆಸರಿಗೆ ಸುಮಾರು ಎರಡರಷ್ಟು ಜಾಗ ಸಿಗುತ್ತದೆ.

ಹೋಲಿಸಲು ನಾನು 7-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಬಳಸುತ್ತೇನೆ. ಮೂಲ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸಿಆರ್‌ಸಿ ಎಸ್‌ಎಚ್‌ಎ’ ಎಂಬಲ್ಲಿ ಎಸ್‌ಎಚ್‌ಎ-256 ಆರಿಸಿ. ಫೈಲ್‌ಗಳ ಬೆರಳಚ್ಚಿನ ಹಾಗಿರುವ ಎರಡು ಉದ್ದದ ಸಂಖ್ಯೆ ಬರುತ್ತವೆ, ಒಳಗಿರುವುದು ಸ್ವಲ್ಪ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಒಂದು ಬರೀ ಡೇಟಾದ್ದು, ಇನ್ನೊಂದು ಡೇಟಾ ಮತ್ತು ಹೆಸರು ಎರಡೂ ಸೇರಿದ್ದು. ಇವನ್ನು ಬರೆದಿಟ್ಟುಕೊಳ್ಳಿ. ಡಿಸ್ಕಿನಲ್ಲಿರುವ ಅದೇ ಹೆಸರಿನ ಫೋಲ್ಡರಿಗೂ ಹೀಗೇ ಮಾಡಿ. ಮೊದಲನೆಯ ಸಂಖ್ಯೆ ಎರಡೂ ಕಡೆ ಒಂದೇ ಇದ್ದು ಎರಡನೆಯದು ಬೇರೆಯಾದರೆ ಹಾಡು ಸರಿಯಿದೆ, ಹೆಸರು ಕೆಟ್ಟಿದೆ ಎಂದರ್ಥ.

ಎರಡನೇ ಭಾಗಕ್ಕೆ ಒಂದೇ ಒಂದು ಡಿವಿಡಿ-ಆರ್‌ಡಬ್ಲ್ಯೂ ಕೊಳ್ಳಿ. ಅದನ್ನು ಅಳಿಸಿ ಮತ್ತೆ ಮತ್ತೆ ಬರೆಯಬಹುದು, ಮೂರು ಸಾಫ್ಟ್‌ವೇರಿಗೂ ಅದೇ ಆಗುತ್ತದೆ. ಕೆಲವದರಲ್ಲಿ ಟೆಸ್ಟ್ ಮೋಡ್ ಎಂಬ ಆಯ್ಕೆ ಇರುತ್ತದೆ. ಅದರಲ್ಲಿ ಬರೆದಂತೆ ನಟಿಸುತ್ತದೆ, ಡಿಸ್ಕಿನ ಮೇಲೆ ಏನೂ ಬೀಳುವುದಿಲ್ಲ. ಸಿಡಿ-ಆರ್, ಡಿವಿಡಿ-ಆರ್‌ನಲ್ಲಿ ಇದು ನಡೆಯುತ್ತದೆ, ಡಿವಿಡಿ ಪ್ಲಸ್ ಆರ್‌ನಲ್ಲಿ ಇಲ್ಲ. ಕಂಪ್ಯೂಟರ್ ಡ್ರೈವಿಗೆ ತಡೆಯಿಲ್ಲದೆ ಡೇಟಾ ಕೊಡುತ್ತದಾ ಎಂದು ನೋಡಲು ಅಷ್ಟೇ ಇದು ಉಪಯೋಗ.

ಇಲ್ಲಿ ಒಂದು ಮಾತು ತುಂಬಾ ಮುಖ್ಯ. ಸಣ್ಣ ಫೈಲ್ ಹಾಕಿ ಪರೀಕ್ಷಿಸಬೇಡಿ, ಡಿಸ್ಕನ್ನು ತುಂಬಿಸಿ. ಡಿಸ್ಕ್ ಒಳಗಿನಿಂದ ಹೊರಕ್ಕೆ ತುಂಬುತ್ತದೆ, ತೊಂದರೆ ಹೆಚ್ಚಾಗಿ ಕಾಣುವುದು ಹೊರ ಅಂಚಿನಲ್ಲಿ. ನಮ್ಮ ಮನೆಯ ಮಂಗಳ ಹಾಡು ಇದ್ದದ್ದು ಅಲ್ಲೇ. 100 ಎಂಬಿ ಹಾಕಿ ನೋಡಿದರೆ ಆ ಅಂಚು ಪರೀಕ್ಷೆಗೇ ಬರುವುದಿಲ್ಲ. ತುಂಬಿಸುವಾಗ 4.7 ಜಿಬಿ ಅಂತ ಲೆಕ್ಕ ಹಾಕಬೇಡಿ. ಡಿಸ್ಕ್ ತಯಾರಿಸುವವರು 100 ಕೋಟಿ ಬೈಟ್‌ಗೆ ಒಂದು ಜಿಬಿ ಎನ್ನುತ್ತಾರೆ. ವಿಂಡೋಸ್ ತೋರಿಸುವ ಲೆಕ್ಕದಲ್ಲಿ ಅದು ಸುಮಾರು 4.38 ಜಿಬಿ.

ಬರೆದ ಮೇಲೆ ಟ್ರೇ ಹೊರಗೆ ತೆಗೆದು, ಮತ್ತೆ ಒಳಗೆ ಹಾಕಿ, ಆಮೇಲೆ ಹೋಲಿಸಿ. ಇಲ್ಲದಿದ್ದರೆ ಕಂಪ್ಯೂಟರ್ ತನ್ನ ನೆನಪಿನಲ್ಲಿ ಇರುವುದನ್ನೇ ಕೊಟ್ಟುಬಿಡಬಹುದು. ಆಗುವುದಾದರೆ ಬೇರೆ ಡ್ರೈವಿನಲ್ಲಿ ಓದಿಸಿ. ಬರೆದ ಡ್ರೈವು ತಾನೇ ಬರೆದದ್ದನ್ನು ಹೇಗೋ ಓದಿಬಿಡುತ್ತದೆ, ಬೇರೆಯದು ಹಾಗಲ್ಲ. ನಾನು ಪಕ್ಕದ ಮನೆಯವರ ಹಳೆಯ ಲ್ಯಾಪ್‌ಟಾಪ್ ಕೇಳಿ ತರುತ್ತೇನೆ.

ಯುಎಸ್‌ಬಿ ರೈಟರ್ ಆದರೆ ಹಬ್‌ಗೆ ಸಿಕ್ಕಿಸದೆ ನೇರ ಕಂಪ್ಯೂಟರಿಗೆ ಸಿಕ್ಕಿಸಿ. ಎಷ್ಟೋ ಸಲ ವಿದ್ಯುತ್ ಸಾಲದೆ ಆದ ತಪ್ಪಿಗೆ ಸಾಫ್ಟ್‌ವೇರನ್ನು ಬೈಯುತ್ತೇವೆ. ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ.

ಯಾವುದು ಒಳ್ಳೆಯದು ಎಂದರೆ, ವಿಂಡೋಸ್‌ನಲ್ಲಿ ನಾನು ಇಮ್ಜ್‌ಬರ್ನ್ ಬಳಸುತ್ತೇನೆ. 2013ರ ಆವೃತ್ತಿಯೇ ಅದರ ಕೊನೆಯದು, ಆದರೂ ಬರೆದ ಮೇಲೆ ವೆರಿಫೈ ಮಾಡುವ, ಅಂದರೆ ವಾಪಸ್ ಓದಿ ಹೋಲಿಸುವ ಕೆಲಸ ಅದರಲ್ಲಿ ಚೆನ್ನಾಗಿದೆ. ಲಿನಕ್ಸ್‌ನಲ್ಲಿ ಕೆ3ಬಿ. ಯಾವ ಉಚಿತ ಸಾಫ್ಟ್‌ವೇರ್ ಆದರೂ ಇನ್‌ಸ್ಟಾಲ್ ಮಾಡುವಾಗ ಪ್ರತಿ ಪುಟ ಓದಿ, ಬೇಡದ ಪ್ರೋಗ್ರಾಮ್‌ಗಳ ಟಿಕ್ ತೆಗೆಯಿರಿ. ವಿಂಡೋಸ್ ತಾನೇ ಬರ್ನ್ ಮಾಡುವಾಗ ಎರಡು ಆಯ್ಕೆ ಕೊಡುತ್ತದೆ. ಪೆನ್‌ಡ್ರೈವ್ ತರಹ ಬಳಸುವ ಆಯ್ಕೆ ಬೇಡ, ಹಳೆಯ ಪ್ಲೇಯರ್‌ಗಳು ಅದನ್ನು ಓದದೇ ಹೋಗಬಹುದು. ಪ್ಲೇಯರಿಗಾಗಿ ಎನ್ನುವುದನ್ನೇ ಆರಿಸಿ.

ಮನೆಯ ಹಿರಿಯರು ಪ್ಲೇಯರಿನಲ್ಲಿ ಹಾಕಿ ಕೇಳಲಿ ಎಂದು ಆಡಿಯೋ ಸಿಡಿಯನ್ನೂ ಮಾಡುವುದಾದರೆ ಇನ್ನೊಂದು ಪರೀಕ್ಷೆ ಇದೆ. ಒಂದು ಸಿಡಿಗೆ 80 ನಿಮಿಷ ಹಿಡಿಸುತ್ತದೆ, ಹಾಗಾಗಿ ತಾಳಮದ್ದಳೆಯನ್ನು ತುಂಡು ಮಾಡಲೇಬೇಕು. ಒಂದೊಂದೇ ತುಂಡನ್ನು ಬೇರೆ ಬೇರೆಯಾಗಿ ಬರೆಯುವ ಟ್ರ್ಯಾಕ್-ಅಟ್-ಒನ್ಸ್ ವಿಧಾನದಲ್ಲಿ ಪ್ರತಿ ತುಂಡಿನ ನಡುವೆ 2 ಸೆಕೆಂಡ್ ಮೌನ ಬರುತ್ತದೆ. ಭಾಗವತರು ಪದ ಎತ್ತಿದ ನಡುವೆ ಹಾಗಾದರೆ ಕೇಳಲು ಸಂಕಟ. ಇಡೀ ಡಿಸ್ಕನ್ನು ಒಂದೇ ಸಲಕ್ಕೆ ಬರೆಯುವ ಡಿಸ್ಕ್-ಅಟ್-ಒನ್ಸ್ ಇಟ್ಟು, ನಡುವಿನ ಅಂತರ ಸೊನ್ನೆ ಮಾಡಿ, ತುಂಡು ಸೇರುವ ಜಾಗಗಳನ್ನು ಹೆಡ್‌ಫೋನ್ ಹಾಕಿ ಕೇಳಿ.

ಕೊನೆಗೆ ನಿಜವಾದ ಡಿಸ್ಕ್‌ಗೆ ಬರೆಯುವಾಗ ಎರಡು ಬೇರೆ ಕಂಪನಿಯ ಡಿಸ್ಕ್ ತಂದು ಎರಡು ಪ್ರತಿ ಮಾಡಿ, ಎರಡನ್ನೂ ಹೋಲಿಸಿ, 7-ಜಿಪ್ ಕೊಟ್ಟ ಆ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕವರಿನೊಳಗೆ ಇಡಿ. ವರ್ಷಕ್ಕೊಮ್ಮೆ ತೆಗೆದು ಮತ್ತೆ ಲೆಕ್ಕ ಹಾಕಿಸಿ. ಮತ್ತೆ ಆ ಕ್ಯಾಸೆಟ್‌ಗಳು, ಅವನ್ನು ಮಾತ್ರ ಯಾರಿಗೂ ಕೊಡಬೇಡಿ.